ಎಡಗಡೆಯಿಂದ ಬಂದ ಮಾತು

ಭಾನುವಾರ, ಬೆಳಿಗ್ಗೆ ಆರು ಗಂಟೆ. ಪೆರಂಬೂರಿನ ನಮ್ಮ ಮನೆಯ ಅಡುಗೆಮನೆಯಲ್ಲಿ ಇದ್ದವರು ನಾನು ಮತ್ತು ನನ್ನ ಸೊಸೆ. ಮಗ ಇನ್ನೂ ಎದ್ದಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಅಣ್ಣಾ ನಗರ್‌ನಿಂದ ನನ್ನ ತಮ್ಮ ಬರುವವನಿದ್ದ. ಕೆಲವು ದಿನಗಳಿಂದ ನನಗೆ ಕೆಮ್ಮು. ಆಯುಷ್ಯದ ಬಹುಭಾಗ ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿದವಳು ನಾನು. ಯಾವ ಕೆಮ್ಮಿಗೆ ಯಾವ ಮಾತ್ರೆ ಎಂದು ಗೊತ್ತು, ಹೊತ್ತಿಗೆ ಸರಿಯಾಗಿ ನುಂಗಿಯೂ ಇದ್ದೆ. ಕೆಮ್ಮು ಹೋಗಿರಲಿಲ್ಲ.

ಸೊಸೆ ಒಂದು ಕಾಗದದ ಪೊಟ್ಟಣವನ್ನು ಬಿಚ್ಚಿ ನನ್ನ ಮುಂದೆ ಇಟ್ಟಳು. “ಅತ್ತೆ, ನಾಟುಮರುಂದು ಅಂಗಡಿಯಲ್ಲಿ, ನಾಟಿ ಔಷಧಿಯವರ ಹತ್ರ ಕೇಳಿ ತಂದೆ. ಅದಿಮಧುರಂ. ಬೈಬೇಡಿ, ಸುಮ್ನೆ ಒಂದು ತುಂಡು ಬಾಯಲ್ಲಿ ಹಾಕ್ಕೊಳ್ಳಿ.”

ಕಂದು ಸಿಪ್ಪೆಯ, ಒಳಗೆ ಹಳದಿ ನಾರಿನ ಬೇರಿನ ಕಡ್ಡಿಗಳು. ಬೈಯಲು ಬಾಯಿ ತೆರೆದವಳು ಹಾಗೆಯೇ ನಿಂತೆ. ಒಣಮಣ್ಣಿನದೂ ಬೆಲ್ಲದ್ದೂ ಬೆರೆತಂಥ ಆ ವಾಸನೆ... ನಮ್ಮ ಮನೆಯಲ್ಲಿ ಅದಕ್ಕೆ ಜ್ಯೇಷ್ಠಮಧು ಎನ್ನುತ್ತಿದ್ದೆವು. ಅದು ಸದಾ ಇರುತ್ತಿದ್ದದ್ದು ನನ್ನ ಚಿಕ್ಕಮ್ಮನ ಬಾಯಲ್ಲಿ, ಬಾಯಲ್ಲಿ ಇಲ್ಲದಾಗ ಅವಳ ಸೆರಗಿನ ಗಂಟಿನಲ್ಲಿ.

ಚಿಕ್ಕಮ್ಮ ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ. ನಮ್ಮದು ನಾಟಕದ ಸಂಸಾರ. ತಾತ ಕಂಪನಿಯ ಯಜಮಾನರು. ಅವರ ಇಬ್ಬರು ಗಂಡುಮಕ್ಕಳು, ಅಂದರೆ ನನ್ನ ಅಪ್ಪ ಮತ್ತು ಚಿಕ್ಕಪ್ಪ, ಇಬ್ಬರು ಸೊಸೆಯರು, ನಾನು, ಹಾರ್ಮೋನಿಯಂ ಮಾವ, ತಬಲದವರು, ಮತ್ತು ಅಡುಗೆಯನ್ನೂ ಹಾಸ್ಯದ ಪಾತ್ರವನ್ನೂ ಒಂದೇ ಸಮ ಮಾಡುತ್ತಿದ್ದ ಭಟ್ಟರು. ಇಷ್ಟೇ ಕಂಪನಿ. ತುಮಕೂರಿನ ಕಡೆಯವರು ಎಂದು ಹೇಳಿಕೊಳ್ಳುತ್ತಿದ್ದೆವು. ಹೇಳಿಕೊಳ್ಳಲು ಊರಿನ ಹೆಸರಿತ್ತು, ಮನೆ ಇರಲಿಲ್ಲ. ಹೊಸೂರು, ಸೇಲಂ, ಕೊಯಮತ್ತೂರಿನ ಗಿರಣಿಗಳ ಆಸುಪಾಸು, ಮದರಾಸು... ತಮಿಳು ಸೀಮೆಯಲ್ಲಿ ಎಲ್ಲೆಲ್ಲಿ ಕನ್ನಡದವರು ಹೊಟ್ಟೆಪಾಡಿಗೆ ಬಂದು ನೆಲೆಸಿದ್ದರೋ ಅಲ್ಲೆಲ್ಲ ನಮ್ಮ ಪರದೆ ಏಳುತ್ತಿತ್ತು.

ತಿರುಗಾಟದ ಬದುಕು ಎಂದರೆ ಅಂಕೆಯಿಲ್ಲದ ಬದುಕು ಎಂದು ಜನ ತಿಳಿಯುತ್ತಾರೆ. ನನ್ನಷ್ಟು ಅಂಕೆಯಲ್ಲಿ ಬೆಳೆದ ಹೆಣ್ಣುಮಕ್ಕಳು ಕಡಿಮೆ. ಹಿಂದಿನ ರಾತ್ರಿ ಎಷ್ಟೇ ಹೊತ್ತಾಗಿರಲಿ, ಬೆಳಿಗ್ಗೆ ತಾತನ ಗಂಟೆ ಬಾರಿಸಿದರೆ ಎದ್ದು ಉಪ್ಪುನೀರು ಮುಕ್ಕಳಿಸಬೇಕು. ಆಮೇಲೆ ಬಟ್ಟೆ, ಆಮೇಲೆ ತಾಲೀಮು, ಆಮೇಲೆ ಊಟ. ಊರು ಬಿಡುವಾಗ ಮೊದಲು ಪರದೆಗಳು, ನಂತರ ಕಿರೀಟ ಕತ್ತಿಗಳ ಪೆಟ್ಟಿಗೆ, ನಂತರ ಪಾತ್ರೆ, ಕೊನೆಗೆ ಒಲೆ. ಹೊಸ ಊರಿನಲ್ಲಿ ಇಳಿಸುವುದು ಇದರ ತಿರುವುಮುರುವು, ಒಲೆ ಮೊದಲು. ಈಗಲೂ ನನ್ನ ಕಪಾಟಿನಲ್ಲಿ ಯಾವ ವಸ್ತು ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಅದು ಆಸ್ಪತ್ರೆ ಕಲಿಸಿದ್ದು ಎಂದು ಸೊಸೆ ತಿಳಿದಿದ್ದಾಳೆ.

ದಣಿವು ಮಾತ್ರ ಯಾವ ಪೆಟ್ಟಿಗೆಯಲ್ಲೂ ಹಿಡಿಸುತ್ತಿರಲಿಲ್ಲ. ಲಾರಿಯ ಮೇಲೆ ಪರದೆಗಳ ಸುರುಳಿಗೆ ಒರಗಿ ಕೂತು ನಿದ್ದೆ, ಇಳಿದ ಕೂಡಲೇ ಕಸ ಗುಡಿಸುವುದು. ನನಗೆ ಊರುಗಳ ನೆನಪಿರುವುದು ಬಾವಿಗಳಿಂದ. ಒಂದೂರಲ್ಲಿ ಉಪ್ಪುನೀರು, ಒಂದೂರಲ್ಲಿ ಹಗ್ಗ ಸಾಲದಷ್ಟು ಆಳ, ಒಂದೂರಲ್ಲಿ ನಾವು ನಾಟಕದವರು ಎಂದು ಬಾವಿಕಟ್ಟೆ ಹತ್ತಲು ಬಿಡಲಿಲ್ಲ. ನೀರು ಎಲ್ಲಿ ಸಿಗುತ್ತದೆ, ಹೇಗೆ ಸೇದಬೇಕು ಎಂದು ತಿಳಿಯುವಷ್ಟರಲ್ಲಿ ಹೊರಡುವ ದಿನ ಬರುತ್ತಿತ್ತು.

ಚಿಕ್ಕಮ್ಮ ಮದುವೆಯಾಗಿ ಬಂದಾಗ ಹಾಡುವವಳಾಗಿಯೇ ಬಂದಳು. ನಾನು ಆಗ ಏಳೆಂಟು ವರ್ಷದವಳಿರಬೇಕು. ಮೈಕು ಇಲ್ಲದ ಕಾಲ. ಬಯಲಿನಲ್ಲಿ ಕೊನೆಯ ಸಾಲಿನವನಿಗೂ ಕೇಳುವಂತೆ ಹಾಡಬೇಕು. ಒಂದು ಬೇಸಿಗೆಯಲ್ಲಿ ಅಮ್ಮನಿಗೆ ಕಾಯಿಲೆಯಾಗಿ, ಇಬ್ಬರ ಪಾತ್ರಗಳನ್ನೂ ಚಿಕ್ಕಮ್ಮ ಒಬ್ಬಳೇ ಹಾಡಿದಳು. ಜ್ವರ ಬಂದಾಗಲೂ ಹಾಡಿದಳು. ಆಟ ನಿಲ್ಲಿಸುವುದೆಂದರೆ ತಾತನಿಗೆ ಹೆಣ ಎತ್ತುವುದಕ್ಕೆ ಸಮ. ಒಂದು ಬೆಳಿಗ್ಗೆ ಎದ್ದಾಗ ಅವಳಿಗೆ ಧ್ವನಿ ಇರಲಿಲ್ಲ. ಆರು ತಿಂಗಳು ಬಾಯಿ ಮುಚ್ಚಿಕೊಂಡಿರಬೇಕು ಎಂದು ಆ ಊರಿನ ಡಾಕ್ಟರು ಹೇಳಿದರು. ಮಾರನೆಯ ದಿನ ನಾವು ಆ ಊರು ಬಿಟ್ಟೆವು... ಧ್ವನಿ ತಿರುಗಿ ಬರಲಿಲ್ಲ. ಉಳಿದದ್ದು ಪಿಸುಮಾತು. ಬಾಯಿಗೆ ಜ್ಯೇಷ್ಠಮಧು ಬಂದದ್ದು ಆಗ.

ಪಿಸುಮಾತಿಗೂ ಕಂಪನಿಯಲ್ಲಿ ಕೆಲಸವಿತ್ತು. ರಂಗದ ಎಡಗಡೆಯ ಮರೆಯಲ್ಲಿ ನಿಂತು ನಟರಿಗೆ ಮಾತು ಕೊಡುವುದು. ಅವರು ಒಂದು ಸಾಲು ಮುಗಿಸುವ ಮೊದಲೇ ಮುಂದಿನ ಸಾಲು ಅವರ ಕಿವಿಗೆ ಬೀಳಬೇಕು, ಜನರ ಕಿವಿಗೆ ಬೀಳಬಾರದು. ಮೊದಲು ಅವಳ ಕೈಯಲ್ಲಿ ನಾಟಕದ ಪ್ರತಿ ಇರುತ್ತಿತ್ತು. ಒಮ್ಮೆ ಎತ್ತಿನ ಗಾಡಿಯಲ್ಲಿ ಹೊಳೆ ದಾಟುವಾಗ ಆ ಪೆಟ್ಟಿಗೆ ನೀರಿಗೆ ಜಾರಿತು. ತಾತ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಮರಳಿನ ಮೇಲೆ ಹರಡಿ ಕೂತರು. ಶಾಯಿಯೆಲ್ಲ ಹರಡಿ ಹಾಳೆಗಳು ನೀಲಿಯಾಗಿದ್ದವು, ಅಕ್ಷರ ಒಂದೂ ಇರಲಿಲ್ಲ. ಅಂದು ಸಂಜೆಯೂ ಆಟವಿತ್ತು. ಚಿಕ್ಕಮ್ಮ ಬರಿಗೈಯಲ್ಲಿ ಎಡಗಡೆ ನಿಂತಳು. ಮೊದಲ ಅಂಕದಿಂದ ಮಂಗಳದವರೆಗೆ ಒಂದು ಸಾಲೂ ತಪ್ಪಲಿಲ್ಲ.

ಅಂದಿನಿಂದ ನಮ್ಮ ಅಷ್ಟೂ ನಾಟಕಗಳು ಇದ್ದದ್ದು ಅವಳಲ್ಲಿ ಮಾತ್ರ. ಐದಾರು ಜನ ಇಪ್ಪತ್ತು ಪಾತ್ರ ಮಾಡುವ ಕಂಪನಿಯಲ್ಲಿ ಯಾರಿಗೂ ಯಾವುದೂ ಪೂರ್ತಿ ಬಾಯಿಪಾಠವಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ತಾತ ನಮಗೆಲ್ಲ ಒಂದೇ ಪಾಠ ಹೇಳಿದ್ದರು: “ಎಡಗಡೆಯಿಂದ ಬಂದ ಮಾತನ್ನ ಯೋಚನೆ ಮಾಡಬೇಡಿ. ಹೇಳಿಬಿಡಿ. ಯೋಚಿಸಿದೋನು ಕೆಟ್ಟ.”

ಎಲ್ಲರಿಗಿಂತ ಚೆನ್ನಾಗಿ ಈ ಪಾಠ ಕಲಿತವರು ಚಿಕ್ಕಪ್ಪ. ರಾಜನ ಪಾತ್ರಕ್ಕೆ ಹೇಳಿ ಮಾಡಿಸಿದ ಆಳು, ಗುಡುಗಿನಂಥ ಕಂಠ. ವೇಷ ಕಳಚಿದರೆ ಬಾಯಿಯಿಲ್ಲದವರು. ಒಂದು ಊರಿನಲ್ಲಿ ಆಟ ನಡೆಯುತ್ತಿರುವಾಗ ಮರೆಯಲ್ಲಿ ಚಿಕ್ಕಮ್ಮನ ಪಕ್ಕ ನಿಂತಿದ್ದ ಭಟ್ಟರ ಕಾಲ ಬಳಿ ಚೇಳು ಬಂತು. ಅವಳು ಮೆಲ್ಲಗೆ, “ಚೇಳು, ಕಾಲು ತೆಗೀರಿ,” ಎಂದಳು. ಸಿಂಹಾಸನದ ಮೇಲಿದ್ದ ಚಿಕ್ಕಪ್ಪ ರಾಣಿಯತ್ತ ಕೈನೀಡಿ, ಗಂಭೀರವಾಗಿ, “ಚೇಳು! ಕಾಲು ತೆಗೀರಿ!” ಎಂದರು. ರಾಣಿಯಾಗಿದ್ದ ಅಮ್ಮ ನಿಜಕ್ಕೂ ಹಾರಿದಳು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಿದ್ದ ಮೇಲೆ ತಾತನೂ ಬೈಯಲಿಲ್ಲ. ಆಮೇಲೆ ಬಹಳ ದಿನ ಚಿಕ್ಕಪ್ಪ ಊಟಕ್ಕೆ ಕೂತರೆ ಭಟ್ಟರು, “ಮಹಾಪ್ರಭು, ಕಾಲು ತೆಗೀರಿ, ಸಾರು ಬರ್ತಿದೆ,” ಎನ್ನುತ್ತಿದ್ದರು.

ಮಾತು ಕೊಡಲು ನಿಲ್ಲುವ ಮೊದಲು ಚಿಕ್ಕಮ್ಮ ಬಾಯಿಂದ ಜ್ಯೇಷ್ಠಮಧು ತೆಗೆದು ಸೆರಗಿನ ತುದಿಗೆ ಗಂಟು ಹಾಕುತ್ತಿದ್ದಳು. ಅದು ಬಾಯಲ್ಲಿದ್ದರೆ ಅಕ್ಷರ ಸ್ಪಷ್ಟವಾಗುವುದಿಲ್ಲ. ಚೇಳಿನ ದಿನ ಒಂದೆರಡು ಮಾತು ಬಿಟ್ಟರೆ, ಗಂಟು ಹಾಕಿದ ಮೇಲೆ ಅವಳು ನಾಟಕದ್ದಲ್ಲದ ಮಾತು ಆಡಿದ್ದು ಅಲ್ಲಿಯವರೆಗೆ ನಾನು ಕೇಳಿರಲಿಲ್ಲ.

ಅವಳಿಗೆ ಎರಡು ಮಕ್ಕಳು ಹುಟ್ಟಿ ಹೋದವು. ಒಂದು ಹೊಸೂರಿನ ಹತ್ತಿರ, ಒಂದು ಸೇಲಂನಲ್ಲಿ. ಎರಡೂ ಲಾರಿಯಲ್ಲಿ ಬಂದಿಳಿದ ವಾರದಲ್ಲೇ ಹುಟ್ಟಿದ ಕೂಸುಗಳು. ಆಡಿದ ಊರಿಗೆ ಮೂರು ನಾಲ್ಕು ವರ್ಷ ಕಂಪನಿ ತಿರುಗಿ ಹೋಗುವ ಪದ್ಧತಿ ಇರಲಿಲ್ಲ. ಜನ ನಾಟಕ ಮರೆತಿರಬೇಕು, ಆಗಲೇ ಮತ್ತೆ ಹೋಗಬೇಕು. ಒಂದು ದಿನ ಬಟ್ಟೆ ಹಿಂಡುತ್ತಾ ಅವಳು ಅಮ್ಮನಿಗೆ ಹೇಳಿದ್ದು ನೆನಪಿದೆ: “ಜನ ಮರೀಲಿ ಅಂತ ಕಾಯ್ತೀವಲ್ಲಕ್ಕ, ನನಗೆ ಮಣ್ಣು ಮಾಡಿದ ಜಾಗವೇ ಮರೆತು ಹೋಗ್ತಿದೆ.” ಅಮ್ಮ ಸೀರೆಯ ಇನ್ನೊಂದು ತುದಿ ಹಿಡಿದು ಹಿಂಡಿದಳು.

ಐವತ್ತರ ದಶಕದ ಕೊನೆಯಲ್ಲಿ ನಾವು ಪೆರಂಬೂರಿಗೆ ಬಂದೆವು. ನನಗೆ ಹದಿನೈದು ವರ್ಷ, ಸಖಿ ಮತ್ತು ರಾಜಕುಮಾರಿಯ ಪಾತ್ರಗಳು ನನ್ನವು. ರೈಲ್ವೆ ಕಾರ್ಖಾನೆಗೆ ಹೋಗುವ ದಾರಿಯಲ್ಲಿ ದಕ್ಷಿಣ ಕನ್ನಡದವರೊಬ್ಬರ ಹೋಟೆಲು ಇತ್ತು. ಅದರ ಹಿಂದೆ ಖಾಲಿ ಬಿದ್ದಿದ್ದ ಅಕ್ಕಿ ಗೋದಾಮನ್ನು ಹೋಟೆಲಿನ ಯಜಮಾನರು ನಮಗೆ ಬಿಟ್ಟುಕೊಟ್ಟಿದ್ದರು. ತಗಡಿನ ಮಾಡು. ಬೆಳಿಗ್ಗೆ ಕಾರ್ಖಾನೆಯ ಸೈರನ್ನು, ಅಲ್ಲಿಯವರ ಬಾಯಲ್ಲಿ ಸಂಗು, ಕೂಗಿದರೆ ತಗಡು ನಡುಗುತ್ತಿತ್ತು. ತಾತನ ಗಂಟೆ ಅದರ ಮುಂದೆ ಸಣ್ಣದಾಯಿತು. ಹೋಟೆಲಿನ ಹುಡುಗರು, ಅವರ ನೆಂಟರು, ರೈಲ್ವೆಯ ಕನ್ನಡದವರು, ಎಲ್ಲ ಬಂದು ನೋಡಿದರು. ಬಾವಿ ಹತ್ತಿರದಲ್ಲೇ ಇತ್ತು, ನೀರು ಸಿಹಿ.

ಚಿಕ್ಕಮ್ಮನಿಗೆ ಆಗ ಏಳು ತಿಂಗಳು. ಕೊಯಮತ್ತೂರಿಗೆ ಹೊರಡುವ ಲಾರಿ ಗೊತ್ತಾಗಿತ್ತು, ಮಂಗಳವಾರ. ಅವಳಿಗೆ ಬೇಕಾದದ್ದು ಒಂದೇ: ಈ ಕೂಸು ಹುಟ್ಟಿ, ಕತ್ತು ನಿಲ್ಲುವವರೆಗೆ ಇಲ್ಲೇ ಇರಬೇಕು. ಅದನ್ನು ತಾತನ ಹತ್ತಿರ ಕೇಳಬೇಕಾದವರು ಚಿಕ್ಕಪ್ಪ. ಸೊಸೆ ಮಾವನ ಎದುರು ನಿಂತು ಕೇಳುವ ಮನೆಯಲ್ಲ ನಮ್ಮದು. ಬಾವಿಯ ಹತ್ತಿರ ಅವಳು ಗಂಡನಿಗೆ ತಾಲೀಮು ಮಾಡಿಸುತ್ತಿದ್ದದ್ದನ್ನು ನಾನೇ ನೋಡಿದೆ. “ಅಪ್ಪ, ಒಂದು ಮಾತು ಅಂತ ಶುರು ಮಾಡಿ,” ಎನ್ನುವಳು. “ಅಪ್ಪ, ಒಂದು ಮಾತು,” ಎಂದು ಅವರು ಚೆನ್ನಾಗಿಯೇ ಹೇಳುವರು. ತಾತನ ಮುಂದೆ ಹೋಗಿ, “ಅಪ್ಪ, ಒಂದು ಲೋಟ ನೀರು ಕೊಡ್ಲಾ?” ಎಂದು ಕೇಳಿ ಬರುವರು. ಮೂರು ದಿನ ತಾತ ಬಹಳ ನೀರು ಕುಡಿದರು.

ಶನಿವಾರ ಮಧ್ಯಾಹ್ನ, ಊಟದ ಗಿರಾಕಿ ಮುಗಿದು ಟಿಫಿನ್ ಶುರುವಾಗುವ ಮೊದಲಿನ ಬಿಡುವಿನಲ್ಲಿ, ಹೋಟೆಲಿನ ಯಜಮಾನರು ಗೋದಾಮಿಗೆ ಬಂದರು. ತಾತನೂ ಅವರೂ ಪೆಟ್ಟಿಗೆಗಳ ಮೇಲೆ ಕೂತರು. ಚಿಕ್ಕಪ್ಪ ನಿಂತಿದ್ದರು. ಅವರ ಎಡಕ್ಕೆ ಅರಮನೆಯ ಪರದೆ ತೂಗುಹಾಕಿತ್ತು. ಅದರ ಹಿಂದೆ ಚಿಕ್ಕಮ್ಮ ಹರಿದ ಅಂಚಿಗೆ ತೇಪೆ ಹಾಕುತ್ತಿದ್ದಳು, ನಾನು ಬಟ್ಟೆ ಹಿಡಿದಿದ್ದೆ.

“ಎಂತದು ಮಾರಾಯ್ರೆ, ಮಂಗಳವಾರ ಹೊರಡೂದಂತೆ?” ಎಂದರು ಯಜಮಾನರು. “ನಮ್ಮ ಹುಡುಗರಿಗೆ ಈಗಲೇ ಬೇಜಾರು. ನಿನ್ನೆ ಒಬ್ಬ ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದ.”

“ಒಂದೂರಲ್ಲಿ ಹೆಚ್ಚು ದಿನ ಇದ್ರೆ ಜನ ರಾಜನಿಗೂ ಹೋಗೋ ಬಾರೋ ಅಂತಾರೆ,” ಎಂದರು ತಾತ.

“ಅದು ಹೌದು. ಆದ್ರೆ ನಿಮ್ಮ ಈ ಕಿರಿಮಗನ ಗಂಟಲು ಉಂಟಲ್ಲ, ಅದು ನಮಗೆ ಬೇಕಿತ್ತು. ನಮ್ಮ ಹುಡುಗರು ಇಲ್ಲಿ ಕೂಗಿದ್ರೆ ಒಳಗೆ ದೋಸೆ ಹುಯ್ಯುವವನಿಗೆ ಕೇಳೂದಿಲ್ಲ. ಇವರು ಒಂದು ವಡೆ ಅಂತ ಕೂಗಿದ್ರೆ ಎಣ್ಣೂರಲ್ಲಿ ಮೀನು ಹಿಡಿಯುವವನು ತಿರುಗಿ ನೋಡಿಯಾನು.”

ತಾತ ನಕ್ಕರು. “ಸಿಂಹಾಸನದ ಮೇಲೆ ಕೂರೋನ ಕೈಲಿ ವಡೆ ಕೂಗಿಸ್ತೀರಾ?”

“ತಮಾಷೆ ಅಲ್ಲ ಯಜಮಾನ್ರೆ. ಹಿಂದೆ ಒಂದು ಕೋಣೆ ಉಂಟು, ಅಡುಗೆಗೆ ಜಾಗ ಉಂಟು. ಇವರ ಹೆಂಡತಿಗೆ ದಿನ ಹತ್ರ ಬಂತು ಅಂತ ನಮ್ಮವಳು ಹೇಳ್ತಿದ್ಲು. ಆ ಹೊಟ್ಟೆ ಹೊತ್ಕೊಂಡು ಲಾರಿ ಹತ್ತೂದು ಹೇಗೆ?” ಅವರು ಚಿಕ್ಕಪ್ಪನತ್ತ ತಿರುಗಿದರು. “ನೀವು ಎಂತ ಹೇಳ್ತೀರಿ?”

ಚಿಕ್ಕಪ್ಪ ಬಾಯಿ ತೆರೆದರು. ಏನೂ ಬರಲಿಲ್ಲ.

“ಅವನೇನು ಹೇಳ್ತಾನೆ,” ಎಂದರು ತಾತ. “ಮಂಗಳವಾರ ಲಾರಿ ಬರುತ್ತೆ.”

ನನ್ನ ಪಕ್ಕದಲ್ಲಿ ಸೂಜಿ ನಿಂತಿತು. ಚಿಕ್ಕಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಬಾಯಿಂದ ಜ್ಯೇಷ್ಠಮಧು ತೆಗೆದಳು. ಸೆರಗಿನ ತುದಿ ಎಳೆದುಕೊಂಡು, ಅದನ್ನು ಇಟ್ಟು, ಗಂಟು ಹಾಕಿದಳು. ನಿಧಾನವಾಗಿ, ದಿನಾ ಹಾಕುವ ಹಾಗೆಯೇ. ಎದ್ದು ಪರದೆಯ ಅಂಚಿಗೆ ಹೋಗಿ ನಿಂತಳು.

“ನಾನು ಬರೋದಿಲ್ಲಪ್ಪ.”

ಚಿಕ್ಕಪ್ಪನ ಬೆನ್ನು ನೆಟ್ಟಗಾಯಿತು. “ನಾನು ಬರೋದಿಲ್ಲಪ್ಪ!” ತಗಡಿನ ಮಾಡು ಮೊಳಗಿತು.

“ನಾಳೆಯಿಂದ ಹೋಟೆಲಿಗೆ ಬರ್ತೀನಿ ಯಜಮಾನ್ರೆ.”

ಅದನ್ನೂ ಹೇಳಿದರು, ಸರಿಯಾದ ಕಡೆಗೆ ತಿರುಗಿ ಹೇಳಿದರು.

“ಎರಡನ್ನ ಎರಡೂರಲ್ಲಿ ಬಿಟ್ಟು ಬಂದೆ. ಇದನ್ನ ಬಿಡಲ್ಲ.”

ಇದನ್ನು ಹೇಳುವಾಗ ಚಿಕ್ಕಪ್ಪನ ಕಣ್ಣಲ್ಲಿ ನೀರು ಇತ್ತು. ರಂಗದ ಮೇಲೆ ಬರುತ್ತಿದ್ದ ನೀರು ಹೌದೋ ಅಲ್ಲವೋ, ಹೇಳುವುದು ಕಷ್ಟ. ತಾತ ಪೆಟ್ಟಿಗೆಯ ಮೇಲಿಂದ ಎದ್ದು ನಿಂತಿದ್ದರು. ಚಿಕ್ಕಮ್ಮನಿಗೆ ಭಯವಾಯಿತು. ಗಂಡ ಇನ್ನು ಏನಾದರೂ ಹೇಳಿ ಕೆಡಿಸಿಯಾರು ಎಂದು ಅವರನ್ನು ತಡೆಯಲು, “ಸಾಕು, ಇನ್ನು ಸುಮ್ಮನಿರ್ರೀ,” ಎಂದಳು.

ಎಡಗಡೆಯಿಂದ ಬಂದ ಮಾತು. ಚಿಕ್ಕಪ್ಪ ಯೋಚಿಸಲಿಲ್ಲ. ತಂದೆಯ ಮುಖಕ್ಕೆ ಕೈನೀಡಿ, “ಸಾಕು, ಇನ್ನು ಸುಮ್ಮನಿರ್ರೀ!” ಎಂದರು.

ಹೋಟೆಲಿನ ಯಜಮಾನರು ನೆಲ ನೋಡಿದರು. ತಾತನಿಗೆ ಆ ಮಾತು ಹೇಳುವವರು ಅಲ್ಲಿಯವರೆಗೆ ಹುಟ್ಟಿರಲಿಲ್ಲ. ಚಿಕ್ಕಪ್ಪನ ನೀಡಿದ ಕೈ ಇಳಿಯಲು ಮರೆತು ಹಾಗೆಯೇ ನಿಂತಿತ್ತು. ತಾತ ಮಗನನ್ನು ನೋಡಲಿಲ್ಲ. ಪರದೆಯ ಕಡೆ ತಿರುಗಿದರು. ಅರಮನೆಯ ಕಂಬಗಳನ್ನು ಬರೆದಿದ್ದ ಆ ಬಟ್ಟೆಯನ್ನು ಬಹಳ ಹೊತ್ತು ನೋಡಿದರು.

“ಮಾತು ಚೆನ್ನಾಗಿದೆ. ಯಾವ ನಾಟಕದ್ದು ತಾಯಿ?”

ಚಿಕ್ಕಮ್ಮ ಉತ್ತರ ಕೊಟ್ಟಳು. ಅದು ಪರದೆಯ ಆಚೆಗೆ ಕೇಳಲಿಲ್ಲ. ನನಗೆ ಕೇಳಿತು. ತಾತ ಕಾಯುತ್ತಿದ್ದರು. ಕೊನೆಗೆ ನಾನೇ ಗಟ್ಟಿಯಾಗಿ ಹೇಳಿದೆ, “ಚಿಕ್ಕಮ್ಮಂದೇ ಅಂತೆ ತಾತ.”

ತಾತ ಮತ್ತೆ ಪೆಟ್ಟಿಗೆಯ ಮೇಲೆ ಕೂತರು. ಅಂದು ಅವರು ಮುದುಕರಾದರು ಎಂದು ಬರೆದರೆ ನಾಟಕದ ಮಾತಾಗುತ್ತದೆ. ಅವರು ಮೊದಲೇ ಮುದುಕರಾಗಿದ್ದರು. ನಾನು ನೋಡಿದ್ದು ಅಂದು.

ಆಗಲೇ ಎಲ್ಲರಿಗೂ ಇನ್ನೊಂದು ಹೊಳೆಯಿತು. ಚಿಕ್ಕಮ್ಮ ಇಲ್ಲಿ ಉಳಿದರೆ ನಾಟಕಗಳೂ ಇಲ್ಲೇ ಉಳಿಯುತ್ತವೆ. ಕಾಗದ ತಂದು ಅಪ್ಪ ಬರೆಯಲು ಕೂತರು. “ಹೇಳು ತಾಯಿ, ಮೊದಲನೇ ಅಂಕ.” ಚಿಕ್ಕಮ್ಮ ಅವರ ಮುಂದೆ ಕೂತು ಕಣ್ಣು ಮುಚ್ಚಿದಳು. ಏನೂ ಬರಲಿಲ್ಲ. ಮಾತುಗಳು ಅವಳಲ್ಲಿ ಹಾಗೆ ಇರಲಿಲ್ಲ. ಎದುರಿಗೆ ಒಬ್ಬರು ವೇಷದವರ ಹಾಗೆ ನಿಲ್ಲಬೇಕು, ಅವರ ಉಸಿರು ಒಂದು ಸಾಲಿನ ಕೊನೆಗೆ ಬರಬೇಕು, ಆಗ ಮುಂದಿನ ಸಾಲು ತಾನಾಗಿ ಬರುತ್ತಿತ್ತು. ಹಾಗಾಗಿ ಅಮ್ಮ, ಚಿಕ್ಕಪ್ಪ, ಭಟ್ಟರು, ನಾನು ನಿಂತು ಆಡಿದೆವು. ಅವಳು ತುಂಬಿದ ಹೊಟ್ಟೆಯಲ್ಲಿ ಬಿದಿರಿನ ಕಂಬಕ್ಕೆ ಒರಗಿ ಮಾತು ಕೊಟ್ಟಳು. ಅಪ್ಪ ಬರೆದುಕೊಂಡರು. ಭಾನುವಾರ ಒಂದು ನಾಟಕ ಮುಗಿಯಿತು. ಸೋಮವಾರ ಸಂಜೆಯ ಹೊತ್ತಿಗೆ ಎರಡನೆಯದರ ಅರ್ಧ. ಅಷ್ಟರಲ್ಲಿ ಪಿಸುಮಾತೂ ನಿಂತುಹೋಯಿತು. ಅವಳ ತುಟಿ ಆಡುತ್ತಿತ್ತು, ಗಾಳಿ ಮಾತ್ರ ಬರುತ್ತಿತ್ತು. “ಬಿಡಿ,” ಎಂದರು ತಾತ. ಅವರು ದೂರದಲ್ಲಿ ಕೂತು ಎಲ್ಲವನ್ನೂ ಕೇಳುತ್ತಿದ್ದರು. “ಇಷ್ಟು ಸಾಕು.” ಅದು ಸಾಲದು ಎಂದು ಎಲ್ಲರಿಗೂ ಗೊತ್ತಿತ್ತು.

ಮಂಗಳವಾರ ಬೆಳಿಗ್ಗೆ ಲಾರಿಗೆ ತುಂಬಿದ ಸಾಮಾನನ್ನು ಚಿಕ್ಕಮ್ಮನೇ ನಿಂತು ನೋಡಿಕೊಂಡಳು. ಪರದೆ, ಕಿರೀಟ, ಪಾತ್ರೆ, ಒಲೆ. ಒಲೆ ಹತ್ತಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದಳು. ಕೂದಲು ಸರಿಮಾಡುವ ನೆಪದಲ್ಲಿ ಕಿವಿಯ ಹತ್ತಿರ ಬಂದು, ರಾತ್ರಿ ಕಳೆದು ತುಸು ತಿರುಗಿ ಬಂದಿದ್ದ ಪಿಸುಮಾತಿನಲ್ಲಿ, “ಎಡಗಡೆ ನೋಡಬೇಡ ಕಣೇ. ಅಲ್ಲಿ ಯಾರೂ ಇರಲ್ಲ. ಬರದಿದ್ರೆ ನಿಂತ್ಕೋ, ನಗು, ಏನಾದ್ರೂ ಹೇಳು,” ಎಂದಳು. ಬಾಯಿಯಿಂದ ಜ್ಯೇಷ್ಠಮಧುವಿನ ವಾಸನೆ ಬರುತ್ತಿತ್ತು.

ಕೊಯಮತ್ತೂರಿನಲ್ಲಿ ಒಂದು ನಾಟಕವನ್ನೇ ಆಡಿದೆವು. ಮತ್ತೆ ಅದನ್ನೇ ಆಡಿದೆವು. ಬೇರೊಂದು ಬೇಕು ಎಂದು ಜನ ಕೇಳಿದಾಗ ಅರ್ಧ ಬರೆದದ್ದನ್ನು ಎತ್ತಿಕೊಂಡೆವು. ಅರ್ಧದವರೆಗೆ ಚೆನ್ನಾಗಿಯೇ ಹೋಯಿತು. ಆಮೇಲೆ ರಾಜನಾಗಿದ್ದ ಅಪ್ಪ ಒಂದು ಸಾಲಿನ ನಂತರ ನಿಂತು ಎಡಗಡೆ ನೋಡಿದರು. ನಾನು ನೋಡಬಾರದು ಎಂದುಕೊಂಡೂ ನೋಡಿದೆ. ಕಂಬಕ್ಕೆ ನೇತುಹಾಕಿದ ಲಾಂದ್ರ, ಅದರ ಕೆಳಗೆ ಒಂದು ಸಗಣಿ ಬುಟ್ಟಿ. ಜನ ಮೊದಲು ನಕ್ಕರು, ಆಮೇಲೆ ಎದ್ದು ಹೋದರು. ತಬಲದವರು ಬೇರೆ ಕಂಪನಿ ಸೇರಿದರು. ಹಾರ್ಮೋನಿಯಂ ಮಾವ ತಮ್ಮ ಮಗಳ ಮನೆಗೆ ಹೋದರು. ಭಟ್ಟರಿಗೆ ಅಡುಗೆ ಕೈ ಹಿಡಿಯಿತು. ಅರಮನೆಯ ಪರದೆಯನ್ನು ತಾತ ಯಾವುದೋ ಭಜನೆ ಮಂದಿರಕ್ಕೆ ಕೊಟ್ಟುಬಿಟ್ಟರು. ಹೊರಡುವಾಗ ಕಟ್ಟಲು ಏನೂ ಇಲ್ಲದೆ ನಮಗೆ ಕೈ ಆಡಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ತಾತ, ಅಪ್ಪ, ಅಮ್ಮ, ನಾನು ಪೆರಂಬೂರಿಗೆ ತಿರುಗಿ ಬಂದೆವು.

ಹೋಟೆಲಿನ ಹಿಂದಿನ ಆ ಕೋಣೆಯಲ್ಲಿ ಚಿಕ್ಕಮ್ಮ ಬಾಗಿಲಿಗೆ ಬಂದು ನಿಂತಳು. ತೋಳಲ್ಲಿ ಕೂಸು. ಕತ್ತು ನಿಂತಿತ್ತು. ಅಮ್ಮ ಕೂಸನ್ನು ಎತ್ತಿಕೊಂಡಳು. ಒಳಗಿನಿಂದ ಚಿಕ್ಕಪ್ಪನ ಧ್ವನಿ, ಸಾಮ್ರಾಜ್ಯವನ್ನು ದಾನ ಕೊಡುವ ಠೀವಿಯಲ್ಲಿ, “ಎರಡು ಇಡ್ಲಿ, ಒಂದು ವಡೆ, ಸಾಂಬಾರ್ ಬೇರೆ!” ಎಂದು ಮೊಳಗುತ್ತಿತ್ತು. ಅದನ್ನು ಕೇಳಲಿಕ್ಕೆಂದೇ ಕಾರ್ಖಾನೆಯ ಜನ ಬರುತ್ತಿದ್ದರಂತೆ.

ಅಪ್ಪನಿಗೆ ಕಾರ್ಖಾನೆಯ ಹೊರಗಿನ ಒಂದು ಮರದ ಅಡ್ಡೆಯಲ್ಲಿ ಕೆಲಸವಾಯಿತು. ನನ್ನನ್ನು ಶಾಲೆಗೆ ಹಾಕಿದರು, ಹತ್ತು ವರ್ಷದ ಹುಡುಗಿಯರ ನಡುವೆ. ಅಲ್ಲಿಂದ ಮುಂದೆ ದಾದಿಯ ತರಬೇತಿ. ತಾತ ದಿನಾ ಹೋಟೆಲಿನ ಬಾಗಿಲ ಹತ್ತಿರದ ಮೇಜಿನಲ್ಲಿ ಕೂತು ಒಂದು ಕಾಫಿ ಕುಡಿಯುತ್ತಿದ್ದರು. ಮಗ ಹಾದು ಹೋಗುವಾಗ, “ವಡೆ ಅನ್ನೋವಾಗ ಉಸಿರು ಬಿಡಬೇಡ,” ಎನ್ನುತ್ತಿದ್ದರು. ಚಿಕ್ಕಮ್ಮನನ್ನು ಒಂದು ದಿನವೂ ದೂರಲಿಲ್ಲ. ಅವಳ ಹತ್ತಿರ ಮಾತೂ ಆಡಲಿಲ್ಲ. ಏನಾದರೂ ಬೇಕಾದರೆ ತೊಡೆಯ ಮೇಲಿನ ಕೂಸಿಗೆ ಹೇಳುವರು: “ನಿಮ್ಮಮ್ಮನ ಕೈಲಿ ಬಿಸಿನೀರು ಕೇಳೋ.” ಕೂಸಿಗೆ ಮಾತು ಬರುವ ಮೊದಲಿನಿಂದಲೂ ಹೀಗೆ. ಅವಳು ಬಿಸಿನೀರು ತಂದಿಡುವಳು. ಮಗ ಬದುಕಿದ, ಕಂಪನಿ ಹೋಯಿತು. ಎರಡೂ ತನ್ನ ಒಂದೇ ಮಾತಿನಿಂದ ಆದದ್ದು ಎಂದು ಅವಳಿಗೆ ಗೊತ್ತಿತ್ತು. ಆ ಕೋಣೆಯಲ್ಲಿ ಅವಳು ಖುಷಿಯಾಗಿದ್ದಳೇ... ನನಗೆ ತಿಳಿಯದು. ದಣಿದವರು ಕೂತ ಹಾಗೆ ಕೂತಿರುತ್ತಿದ್ದಳು.

ಅರವತ್ತರ ದಶಕದ ನಡುವಿನ ವರ್ಷಗಳಿರಬೇಕು. ನಾನು ತರಬೇತಿಯಿಂದ ರಜೆಗೆ ಬಂದಿದ್ದೆ. ಮಧ್ಯಾಹ್ನ. ತಾತ ಕೋಣೆಯ ಮುಂದಿನ ಬೆಂಚಿನ ಮೇಲೆ ಕೂತು ತಮ್ಮಷ್ಟಕ್ಕೆ ಒಂದು ಹಳೆಯ ಮಾತು ಹೇಳಿಕೊಳ್ಳುತ್ತಿದ್ದರು. ರಾಜ್ಯ ಬಿಟ್ಟು ಹೊರಡುವ ರಾಜನ ಮಾತು, ಪ್ರಾಯದಲ್ಲಿ ಅವರೇ ಆಡಿದ್ದು. ಕೆಲವು ಸಾಲು ಬಂತು, ನಿಂತಿತು. ಮತ್ತೆ ಮೊದಲಿನಿಂದ ಹೇಳಿದರು. ಅಲ್ಲಿಗೇ ಬಂದು ನಿಂತಿತು. ಅವರ ಕತ್ತು ಎಡಕ್ಕೆ ತಿರುಗಿತು.

ಅಡುಗೆಯ ಜಾಗ ಅವರ ಬಲಕ್ಕೆ ಇತ್ತು. ಚಿಕ್ಕಮ್ಮ ಅಲ್ಲಿ ಅಕ್ಕಿ ತೊಳೆಯುತ್ತಿದ್ದಳು. ಪಾತ್ರೆ ಕೆಳಗಿಟ್ಟಳು. ಒದ್ದೆ ಕೈಯಲ್ಲೇ ಜ್ಯೇಷ್ಠಮಧು ತೆಗೆದು ಸೆರಗಿಗೆ ಗಂಟು ಹಾಕಿದಳು. ಬೆಂಚಿನ ಹಿಂದಿನಿಂದ ಸುತ್ತಿ ಬಂದು ಅವರ ಎಡಕ್ಕೆ, ಒಂದು ಹೆಜ್ಜೆ ಹಿಂದೆ ನಿಂತು, ಮುಂದಿನ ಸಾಲು ಕೊಟ್ಟಳು. ತಾತ ತೆಗೆದುಕೊಂಡರು. ಅವಳು ಕೊಟ್ಟಳು, ಅವರು ಹೇಳಿದರು. ರಾಜ ಊರಿನ ಗಡಿ ದಾಟುವವರೆಗೂ ಹೀಗೆ ನಡೆಯಿತು. ಮುಗಿದ ಮೇಲೆ ತಾತ ಕಣ್ಣು ಮುಚ್ಚಿ ಕೂತರು. ಅವಳು ಹೋಗಿ ಅಕ್ಕಿಯನ್ನು ಒಲೆಯ ಮೇಲಿಟ್ಟಳು. ಸ್ವಲ್ಪ ಹೊತ್ತಿನ ನಂತರ ತಾತ, “ಬಿಸಿನೀರು ಕೊಡಮ್ಮ,” ಎಂದರು. ಹುಡುಗ ಆಗ ಮನೆಯಲ್ಲಿರಲಿಲ್ಲ, ಆಟಕ್ಕೆ ಹೋಗಿದ್ದ.

ತಾತ ಆ ವರ್ಷವೇ ಹೋದರು. ಚಿಕ್ಕಪ್ಪ, ಅಪ್ಪ, ಅಮ್ಮ, ಒಬ್ಬೊಬ್ಬರಾಗಿ. ಚಿಕ್ಕಮ್ಮನ ಕೊನೆಯ ದಿನಗಳಲ್ಲಿ ನಾನೇ ಹತ್ತಿರ ಇದ್ದೆ, ಹೊತ್ತುಹೊತ್ತಿಗೆ ಔಷಧಿ ಕೊಟ್ಟೆ. ಅವಳ ತುಟಿ ಆಡುತ್ತಲೇ ಇತ್ತು. ಕಿವಿಯಿಟ್ಟು ಕೇಳಿದೆ. ಯಾವ ನಾಟಕವೋ... ಬೇರೆಯವರ ಮಾತುಗಳೇ.

ಇಂದು ಒಂದು ಗಂಟೆಗೆ ತಮ್ಮ ಬಂದ. ಅವನೇ ಆ ಕೂಸು. ಈಗ ಅವನಿಗೂ ಒಬ್ಬಳು ಪೇತ್ತಿ, ಮೊಮ್ಮಗಳು. ಊಟಕ್ಕೆ ಕೂತಾಗ ಅವನು ಮೂಗೆಳೆದು, “ಏನಕ್ಕಾ, ಅಮ್ಮನ ವಾಸನೆ ಬರ್ತಿದೆ?” ಎಂದ. ಪೊಟ್ಟಣ ತೋರಿಸಿದೆ. ಒಂದು ಕಡ್ಡಿ ತೆಗೆದು ಕೈಯಲ್ಲೇ ಇಟ್ಟುಕೊಂಡ.

“ಅಕ್ಕಾ, ನನ್ನ ಪೇತ್ತಿ ಪಾಟ್ಟು ಕ್ಲಾಸಿಗೆ ಹೋಗ್ತಾಳಲ್ಲ, ಹಾಡು ಕಲಿಯೋಕೆ. ಮನೆಯಲ್ಲಿ ಯಾರು ಹಾಡ್ತಿದ್ರು ಅಂತ ಟೀಚರ್ ಕೇಳಿದ್ರಂತೆ. ನಾನು ಅಮ್ಮನ ಹೆಸರು ಹೇಳಿದೆ. ಆದ್ರೆ ನಂಗೇ ತೆರಿಯಾದು, ಗೊತ್ತಿಲ್ಲ. ಅಮ್ಮನ ವಾಯ್ಸ್ ಹೇಗಿತ್ತು? ನೀನು ಕೇಳಿದೀಯ ಅಲ್ವಾ?”

ಕೇಳಿದ್ದೆ. ಕೇಳಿದವರಲ್ಲಿ ಈಗ ಇರುವವಳು ನಾನೊಬ್ಬಳೇ. ಬಯಲಿನ ಕೊನೆಯ ಸಾಲಿಗೂ ಕೇಳುತ್ತಿದ್ದ ಧ್ವನಿ. ಅವಳು ನಿಂತಿದ್ದ ಜಾಗ ನೆನಪಿದೆ, ಉಟ್ಟ ಹಸಿರು ಸೀರೆ ನೆನಪಿದೆ, ಬಾಯಿ ತೆರೆದದ್ದೂ ನೆನಪಿದೆ. ಅದರಿಂದ ಬಂದದ್ದು... ಪಿಸುಮಾತೇ ಕೇಳಿಸುತ್ತದೆ. ಎಷ್ಟು ಕೂತು ಯೋಚಿಸಿದರೂ ಅದೇ.

“ಚೆನ್ನಾಗಿತ್ತು,” ಎಂದೆ. “ಬಹಳ ದೂರ ಕೇಳ್ತಿತ್ತು.”

“ಸೆರಿ,” ಎಂದ ತಮ್ಮ. ಇನ್ನೂ ಏನಾದರೂ ಹೇಳಿಯಾಳು ಎಂದು ಕಾದ. ನಾನು ಅವನ ಎಲೆಗೆ ಮಜ್ಜಿಗೆ ಬಡಿಸಿದೆ.

ಸಂಜೆ ಆರಕ್ಕೆ ಅವನು ಹೊರಟ. ಸೊಸೆ ಅವನನ್ನು ಬಸ್ ನಿಲ್ದಾಣದವರೆಗೆ ಬಿಟ್ಟು ಬರಲು ಹೋದಳು. ಪಾತ್ರೆ ತೊಳೆದು ಅದರದರ ಜಾಗದಲ್ಲಿ ಬೋರಲು ಹಾಕಿದೆ. ಮಾತ್ರೆ ನುಂಗಿದೆ. ಪೊಟ್ಟಣದಿಂದ ಒಂದು ತುಂಡು ಬಾಯಿಗೆ ಹಾಕಿಕೊಂಡೆ, ಸಿಹಿ ಬಂತು. ಎಲ್ಲ ಮುಗಿದ ಮೇಲೆ, ಯಾವಾಗಲೂ ಮಾಡುವ ಹಾಗೆ, ಕೊನೆಗೆ ಒಲೆ ಒರೆಸಿದೆ.